ಬಲಗಾಲು ಇನ್ನೂ ಉಳಿದಿದೆ

ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತಾರು ವರ್ಷ
ಟ್ಯೂಬುಗಳನ್ನು ತೊಟ್ಟಿಯ ನೀರಿಗೆ ಅದ್ದಿ
ಗುಳ್ಳೆ ಏಳುವುದನ್ನು ಕಾದವನು ನಾನು.
ತೂತು ಎಲ್ಲಿ ಅಂತ ಗಾಡಿಯವನಿಗೆ ಗೊತ್ತಿರುವುದಿಲ್ಲ,
ಟೈರಿಗೂ ಗೊತ್ತಿರುವುದಿಲ್ಲ.
ನೀರು ಹೇಳುತ್ತದೆ.

ಓಂಕಾರಿಯದನ್ನು ರಕ್ತ ಹೇಳಿತು. ಖಾಲಿ ಹೊಟ್ಟೆಗೆ ಇನ್ನೂರ ಅರವತ್ತೆಂಟು.
ಚೀಟಿ ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು
'ಬಸ್ಸಿನ ನಂಬರ್ ಇದ್ದಂಗಿದೆ ನೋಡ್ರಿ' ಅಂದಳು.
ನಾನು ನಗಲಿಲ್ಲ. ನಗಬೇಕಿತ್ತು.

ಅವತ್ತಿನಿಂದ ಪೊಲೀಸನಾದೆ.
ಬೆಲ್ಲದ ಡಬ್ಬಿಯನ್ನು ಅಂಗಡಿಗೆ ಒಯ್ದು
ಜಾಕಿಯ ಹಿಂದೆ ಬಚ್ಚಿಟ್ಟೆ. ಇರುವೆ ಬಂದವು.
ಅನ್ನದ ಸೌಟು ಎಣಿಸಿದೆ.
ಅವಳ ತಂಗಿ ಮಗಳ ಸೀಮಂತದಲ್ಲಿ
ಎಲೆಯ ತುದಿಗೆ ಬಿದ್ದ ಹೋಳಿಗೆಯನ್ನು
ಇಡೀ ಪಂಕ್ತಿ ನೋಡುತ್ತಿರುವಾಗಲೇ
ಕೈಹಾಕಿ ಎತ್ತಿ ನನ್ನ ಎಲೆಗೆ ಹಾಕಿಕೊಂಡೆ.

ಎರಡು ದಿನ ಮಾತಿಲ್ಲ.
ಮೂರನೆಯ ದಿನ ಮುದ್ದೆ ತಿರುವುತ್ತಾ,
ನನ್ನ ಕಡೆ ತಿರುಗದೆಯೇ ಅಂದಳು:
'ಸಕ್ಕರೆ ಇರೋದು ನನ್ನ ರಕ್ತದಲ್ಲಿ.
ಮರ್ಯಾದೆ ಇರೋದೂ ಅಲ್ಲೇ ಕಣ್ರೀ.
ಒಂದನ್ನ ಇಳಿಸೋಕೆ ಹೋಗಿ
ಇನ್ನೊಂದನ್ನೂ ಇಳಿಸಬ್ಯಾಡಿ.'

ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ,
ನೂರ ಹನ್ನೆರಡು ಮಕ್ಕಳಿಗೆ, ಬರಿಗಾಲಲ್ಲಿ.
ಒಲೆಯ ಹತ್ತಿರ ಚಪ್ಪಲಿ ಸಲ್ಲದು. ಅದು ಅವಳದೇ ಕಾನೂನು.
ಒಂದು ಸಂಜೆ ಬಂದು ನೋಡುತ್ತೇನೆ,
ಬಾಗಿಲಿಂದ ಅಡುಗೆಮನೆತನಕ ನೆಲದ ಮೇಲೆ ಕೆಂಪು ಚುಕ್ಕಿಗಳು.
ಕುಂಕುಮ ಚೆಲ್ಲಿದ್ದೇನೋ ಅಂದುಕೊಂಡೆ.
ಹಿಮ್ಮಡಿಯಲ್ಲಿ ಮೊಳೆ.
ದಿನಾ ನಾನು ಟೈರುಗಳಿಂದ ಕೀಳುವಂಥದೇ.
ನನ್ನ ಜೇಬಿನಿಂದಲೇ ಉದುರಿದ್ದೋ ಏನೋ;
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

'ನೋಯಲಿಲ್ವಾ?' ಅಂದೆ.
'ಎಲ್ಲಿ?' ಅಂದಳು.

ಆ 'ಎಲ್ಲಿ'ಯನ್ನು ಅದ್ದಿ ನೋಡುವಂಥ ತೊಟ್ಟಿ
ನನ್ನ ಅಂಗಡಿಯಲ್ಲಿ ಇರಲಿಲ್ಲ.

ಇಪ್ಪತ್ತೆರಡು ದಿನ ಡ್ರೆಸ್ಸಿಂಗು. ಫ್ಲೋರಿನ್ ಸಿಸ್ಟರ್ ಬೈದದ್ದು ನನಗೆ:
'ಏನ್ ತಿಂದ್ರು ಅಂತ ನೋಡ್ತೀರ,
ಏನ್ ತುಳಿದ್ರು ಅಂತ ನೋಡಲ್ವಾ?'

ಈಗ ರಾತ್ರಿ ಒಂಬತ್ತೂವರೆಗೆ,
ಸ್ಟೇಷನ್ನಿನ ಕಡೆ ರೈಲೊಂದು ಕೂಗುವ ಹೊತ್ತಿಗೆ,
ಕೈಯ ಗ್ರೀಸನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು
ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಳ್ಳುತ್ತೇನೆ.
ಮೊದಮೊದಲು ಎಳೆದುಕೊಂಡಳು.
ಗಂಡನ ಕೈಲಿ ಕಾಲು ಹಿಡಿಸಿಕೊಳ್ಳೋದಾ,
ಯಾರಾದರೂ ಕಂಡರೆ? ಕಿಟಕಿ ಮುಚ್ಚಿಸಿದಳು.
ಟೈರಿನ ಒಳಮೈಯಲ್ಲಿ ಮುಳ್ಳು ತಡವುವಂತೆ
ಬೆರಳ ಸಂದಿ, ಹೆಬ್ಬೆರಳ ಬುಡ, ಹಿಮ್ಮಡಿಯ ಬಿರುಕು,
ಕಣ್ಣಿಗಿಂತ ಮೊದಲು ಬೆರಳಿಂದ ನೋಡುತ್ತೇನೆ.
ಆಮೇಲೆ ಟಾರ್ಚು.

ಕಾಲುಂಗುರ ತೊಡಿಸಿದ ದಿನ ಬಿಟ್ಟರೆ
ಈ ಪಾದಗಳನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.
ಎಡಗಾಲಿನ ಕಿರುಬೆರಳು ಪಕ್ಕದ್ದರ ಮೇಲೆ ಹತ್ತಿ ಕೂತಿದೆ,
ಸಂತೆ ಬಸ್ಸಿನಲ್ಲಿ ಸೀಟು ಸಿಗದ ಮಗುವಿನಂತೆ.
ಹಾಗಂದೆ. ನಕ್ಕಳು.
ಈ ಸಲ ನಾನೂ ನಕ್ಕೆ.

ಬೆಲ್ಲದ ಡಬ್ಬಿ ಮನೆಗೆ ವಾಪಸ್ಸು ಬಂದು ಗೂಡಿನಲ್ಲಿದೆ;
ತೆಗೆಯುವುದು ಬಿಡುವುದು ಅವಳಿಗೆ ಸೇರಿದ್ದು.
ಶಾಲೆಯ ಅಡುಗೆಕೋಣೆಗೆ ಅಂತಲೇ ಒಂದು ಜೊತೆ ಮೆತ್ತನೆ ಚಪ್ಪಲಿ,
ಹೊಸ್ತಿಲು ದಾಟಿ ಹೊರಗೆ ಬರಬಾರದೆಂಬ ಷರತ್ತಿನ ಮೇಲೆ.
ಕಾನೂನನ್ನು ತಿದ್ದಿದವಳು ಅವಳೇ,
ನಾನು ಹೇಳಿದ್ದಕ್ಕೇನೂ ಅಲ್ಲವಂತೆ.

ಯುಗಾದಿಯ ಮಾರನೇ ದಿನ ನೂರ ತೊಂಬತ್ತು ಬಂತು.
'ಒಬ್ಬಟ್ಟು. ಅರ್ಧ' ಅಂದಳು. ಸ್ವಲ್ಪ ಹೊತ್ತು ಬಿಟ್ಟು
'ಮುಕ್ಕಾಲು' ಅಂದಳು.
ನಾನು ತುಟಿ ಬಿಚ್ಚಲಿಲ್ಲ. ಕಷ್ಟವಾಯಿತು.

ನಿನ್ನೆ ರಾತ್ರಿ ಸೆಕೆ. ಕಿಟಕಿ ತೆರೆದೇ ಇತ್ತು.
ಎದುರುಮನೆಯ ಗಂಗಾಧರಪ್ಪನವರು
ಹಾಲಿನ ಪಾಕೀಟು ಹಿಡಿದು ಹೋಗುತ್ತಿದ್ದವರು
ಒಂದು ಗಳಿಗೆ ನಿಂತು, ನೋಡಿ, ಹೋದರು.
ನನ್ನ ಕೈ ತಡೆಯಿತು.

'ಯಾಕೆ ನಿಲ್ಲಿಸಿದ್ರಿ?' ಅಂದಳು ಓಂಕಾರಿ.
'ಬಲಗಾಲು ಇನ್ನೂ ಉಳಿದಿದೆ.'